ಒಂದನೇ ಕೊಕ್ಕೆಯ ರೊಟ್ಟಿ

ಹಿಟ್ಟು ಕಿಲೋಗೆ ಐವತ್ತು ಸೊಮ್. ಇಪ್ಪತ್ಮೂರು ರೊಟ್ಟಿಗೆ ಒಂಬತ್ತು ಕಿಲೋ ಹಿಟ್ಟು, ಉಪ್ಪು, ಯೀಸ್ಟು, ತಂದೂರಿಗೆ ಎರಡು ಹೊರೆ ಸೌದೆ. ಎಲ್ಲ ಸೇರಿದರೂ ಎಂಟುನೂರು ಸೊಮ್ ದಾಟುವುದಿಲ್ಲ. ಒಬ್ಬ ಹುಡುಗನ ಬೂಟಿಗೆ ಇದರ ಎಂಟು ಪಟ್ಟು ಬೇಕು, ಗೋಲ್‌ಕೀಪರನ ಕೈಗವಸಿಗೆ ಐದು ಪಟ್ಟು. ಆದರೆ ಬೂಟು, ಕೈಗವಸು ಕಳೆದರೆ ಮತ್ತೆ ಕೊಳ್ಳಬಹುದು. ಆ ಶನಿವಾರ ಬೆಳಿಗ್ಗೆ ಕಳೆದದ್ದನ್ನು ಕೊಡುವ ಕಚೇರಿ ಸೋಮವಾರದವರೆಗೆ ಬಾಗಿಲು ತೆಗೆಯುವಂತಿರಲಿಲ್ಲ. ನಮ್ಮ ವಿಮಾನವೋ, ಭಾನುವಾರ ಬೆಳಗಿನ ಆರು ಗಂಟೆಗೆ.

"ಇಪ್ಪತ್ತೆರಡು," ಎಂದರು ಕಾಲಿಪಾ ಎಜೆ, ಪಾಸ್‌ಪೋರ್ಟ್‌ಗಳ ಕಟ್ಟನ್ನು ಮೇಜಿನ ಮೇಲಿಟ್ಟು.

ಮತ್ತೆ ಎಣಿಸಿದರು. ಮೂರನೇ ಸಲ ನನಗೆ ಎಣಿಸಲು ಹೇಳಿದರು. ಇಪ್ಪತ್ತೆರಡೇ.

ಹದಿನೇಳು ವಯಸ್ಸಿನೊಳಗಿನ ರಾಷ್ಟ್ರೀಯ ಫುಟ್‌ಬಾಲ್ ತಂಡದ ಶಿಬಿರದಲ್ಲಿ ನಾನು ಹನ್ನೊಂದು ವರ್ಷದಿಂದ ಅಡುಗೆಯವಳು, ಬುರುಲ್. ಕಾಲಿಪಾ ಎಜೆ, ಎಂದರೆ ಕಾಲಿಪಾ ಅಕ್ಕ, ತಂಡದ ಕಾಗದಪತ್ರ ನೋಡಿಕೊಳ್ಳುವವರು. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಜಿಲ್ಲೆಯ ಜನನ ನೋಂದಣಿ ಕಚೇರಿಯ ಕಿಟಕಿಯ ಹಿಂದೆ ಕೂತಿದ್ದವರು. ಬಿಷ್ಕೆಕ್‌ನ ಅರ್ಧ ಊರಿನ ವಯಸ್ಸು ಅವರಿಗೆ ಬಾಯಿಪಾಠ. ಹೆಂಗಸರು ಅವರೆದುರು ವಯಸ್ಸಿನ ಮಾತೇ ಎತ್ತುವುದಿಲ್ಲ.

"ಯಾರದ್ದು ಇಲ್ಲ?"

"ಒಂದನೇ ನಂಬರು. ಬೆಕ್ತೂರ್‌ದು."

ಬೆಕ್ತೂರ್ ನಮ್ಮ ಗೋಲ್‌ಕೀಪರ್. ನಾರಿನ್ ಕಡೆಯ ಬೆಟ್ಟದ ಹುಡುಗ. ಆ ವರ್ಷ ನಾವು ಆಡಿದ ಹನ್ನೊಂದು ಅಭ್ಯಾಸ ಪಂದ್ಯಗಳಲ್ಲಿ ಅವನನ್ನು ದಾಟಿ ಒಳಹೋದದ್ದು ಐದೇ ಗೋಲು.

ತರಬೇತುದಾರ ಮಾರ್ಲಿಸ್, ಹುಡುಗರ ಬಾಯಲ್ಲಿ 'ಅಗಾಯ್', ಓಡಿ ಬಂದರು. ಅವರ ಮುಖ ಹಾಲು ಒಡೆದಂತಾಗಿತ್ತು. ಕಾರಣ ನನಗೆ ಗೊತ್ತು. ಊಟದ ಕೋಣೆಯ ಗೋಡೆಯ ಮೇಲೆ ಒಂದು ಹಲಗೆಯಿದೆ. ಈ ಕಿರಿಯರ ತಂಡ ಹುಟ್ಟಿದಾಗಿನಿಂದ ಆಡಿದ ಪ್ರತಿ ಅರ್ಹತಾ ಸುತ್ತಿನ ಲೆಕ್ಕ ಅದರಲ್ಲಿದೆ. ಗೆಲುವು, ಸಮ, ಸೋಲು. ಮೂರು ಸಲ ಬಾಗಿಲವರೆಗೆ ಹೋಗಿ ಒಂದೇ ಗೋಲಿನ ಅಂತರದಲ್ಲಿ ಹಿಂದೆ ಬಂದಿದ್ದೇವೆ. ಆ ಮೂರರಲ್ಲಿ ಒಂದು ಸಲ ಸ್ವಂತ ಗೋಲಿಗೇ ಚೆಂಡು ಹೊಡೆದವರು, ಆಗ ಹದಿನಾರರ ಹುಡುಗನಾಗಿದ್ದ ಇದೇ ಮಾರ್ಲಿಸ್. ಇಪ್ಪತ್ತೆರಡು ವರ್ಷದಿಂದ ಅವರು ಆ ಹಲಗೆಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾರೆ.

"ಹೊಸದು ಮಾಡ್ಸೋಕಾಗಲ್ವಾ ಎಜೆ?"

"ಶನಿವಾರ ಯಾರ್ ಮಾಡ್ಕೊಡ್ತಾರೆ? ಜೊತೆಗೆ ತಾಯಿ ಸಹಿ ಬೇಕು. ಅವಳು ಮಾಸ್ಕೋದಲ್ಲಿ ನೆಲ ಒರೆಸ್ತಿದ್ದಾಳೆ. ತಂದೆ ಮಣ್ಣಲ್ಲಿದ್ದಾನೆ."

"ಪೊಲೀಸರನ್ನ ಕರೀಲಾ?"

"ಕರಿ. ಸಾಕ್ಷಿ ಅಂತ ಉಳಿದ ಇಪ್ಪತ್ತೆರಡನ್ನೂ ಮೊಹರು ಹಾಕಿ ಇಟ್ಕೋತಾರೆ. ಆಗ ಯಾರೂ ಹೋಗೋದೇ ಬೇಡ." ಕಾಲಿಪಾ ಎಜೆ ಕನ್ನಡಕ ಒರೆಸಿಕೊಂಡರು. "ಸಂಜೆವರೆಗೂ ನನಗೆ ಬಿಡು ತಮ್ಮಾ. ಕಳೆದಿದ್ದು ನನ್ನ ಕೈಯಿಂದ."

ಮೇಜಿನ ಖಾನೆಯನ್ನು ಯಾರೂ ಒಡೆದಿರಲಿಲ್ಲ. ಹಿಂದಿನ ಸಂಜೆ ಆರು ಗಂಟೆಗೆ ಅವರು ಇಪ್ಪತ್ಮೂರೂ ಎಣಿಸಿ, ರಬ್ಬರು ಸುತ್ತಿ, ಬೀಗ ಹಾಕಿದ್ದರು. ಕೀಲಿ ನನ್ನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತದೆ. ಅದು ಬೆಕ್ಕಿಗೂ ಗೊತ್ತು.

"ನೋಡು ಬುರುಲ್. ರಬ್ಬರನ್ನ ನಾನು ಸುತ್ತೋ ಹಾಗೇ ಎರಡು ಸುತ್ತು ಸುತ್ತಿದಾನೆ. ಉಳಿದವೆಲ್ಲ ನಂಬರಿನ ಪ್ರಕಾರ ಇವೆ. ಬೀಗ ಹಾಕಿ ಕೀಲಿ ವಾಪಸ್ ಇಟ್ಟಿದಾನೆ. ಇಂಥ ಅಚ್ಚುಕಟ್ಟಿನ ಕಳ್ಳನ್ನ ನೀನು ಕಂಡಿದ್ಯಾ?"

"ಕಳ್ಳ ಅಂದ್ಮೇಲೆ ಅಚ್ಚುಕಟ್ಟೇನು, ಗಲೀಜೇನು?"

"ವ್ಯತ್ಯಾಸ ಇದೆ. ಕದಿಯೋನು ಓಡ್ತಾನೆ. ಇವನಿಗೆ ಬೇರೆಯವರ ಪಾಸ್‌ಪೋರ್ಟ್ ಚೆಲ್ಲಾಪಿಲ್ಲಿ ಆಗಬಾರದು ಅಂತ ಕಾಳಜಿ."

ಅವರು ಕೀಲಿಯ ಮೊಳೆಯನ್ನು ನೋಡಿದರು. ಅದರ ಪಕ್ಕದಲ್ಲೇ ಸಾಲಾಗಿ ಇಪ್ಪತ್ಮೂರು ಕೊಕ್ಕೆ, ಇಪ್ಪತ್ಮೂರು ಬಟ್ಟೆಯ ಗಂಟು. ದೂರ ಹೋಗುವವನು ಹೊರಡುವ ಮುನ್ನ ರೊಟ್ಟಿಯ ಅಂಚನ್ನು ಒಂದು ತುತ್ತು ಕಚ್ಚಿ ಬಿಟ್ಟುಹೋಗಬೇಕು. ಮಿಕ್ಕದ್ದನ್ನು ಮರಳಿ ಬಂದು ತಿನ್ನಬೇಕು. ರೊಟ್ಟಿ ಕಾಯುತ್ತಿದ್ದರೆ ಮನುಷ್ಯ ಬಂದೇ ಬರುತ್ತಾನೆ. ಅಲ್ಲಿಯವರೆಗೆ ಅದನ್ನು ಬೇರೆ ಯಾರೂ ಮುಟ್ಟಿ ಬಿಚ್ಚುವಂತಿಲ್ಲ. ಶುಕ್ರವಾರ ರಾತ್ರಿಯೂಟಕ್ಕೆ ಹುಡುಗರೆಲ್ಲ ಕಚ್ಚಿ, ತಾವೇ ಕಟ್ಟಿ ಕೊಟ್ಟಿದ್ದರು. ಕಚ್ಚಿದ ಕಡೆ ಮೇಲೆ ಬರುವಂತೆ ತೂಗುಹಾಕುವುದು ನನ್ನ ಪದ್ಧತಿ. ಬಟ್ಟೆಯ ಮೇಲಿಂದಲೇ ಬೆರಳಾಡಿಸಿ ಆ ತಗ್ಗನ್ನು ಹುಡುಕುತ್ತೇನೆ. ಒಂದರಲ್ಲಿ ಅದು ಕೈಗೆ ಸಿಗಲಿಲ್ಲ. ಯಾವನೋ ಕೋಳಿಮರಿ ಕುಕ್ಕಿದಂತೆ ಕುಕ್ಕಿದ್ದಾನೆ ಎಂದುಕೊಂಡು ಹಾಗೇ ನೇತುಹಾಕಿದ್ದೆ. ಅಂಗಿಯ ನಂಬರಿನ ಪ್ರಕಾರ ಹಾಕುವುದು ರೂಢಿ. ಅದು ಯಾವ ನಂಬರಿನದೆಂದು ನೆನಪಿಟ್ಟುಕೊಳ್ಳುವ ಪುರುಸೊತ್ತು ಇರಲಿಲ್ಲ.

ಸುದ್ದಿ ತಿಂಡಿಯ ಹೊತ್ತಿಗೆ ಎಲ್ಲರಿಗೂ ತಲುಪಿತ್ತು. ತಿಂಡಿ ಮುಗಿಯುವುದರೊಳಗೆ ಕಳ್ಳನನ್ನು ಹುಡುಗರೇ ತೀರ್ಮಾನ ಮಾಡಿಬಿಟ್ಟಿದ್ದರು.

"ಏ ಎಲ್ದಿಯಾರ್, ಇನ್ಮೇಲೆ ಗೋಲಲ್ಲಿ ನೀನೇ ಅಂತೆ?"

"ಬಿಡ್ರೋ, ಎರಡು ವರ್ಷದಿಂದ ಬೆಂಚು ಕಾಯಿಸಿ ಕಾಯಿಸಿ ಅವನ ಚಡ್ಡಿ ಸವೆದಿದೆ!"

ಎಲ್ದಿಯಾರ್ ಎರಡನೇ ಗೋಲ್‌ಕೀಪರ್. ಬೆಕ್ತೂರ್‌ನ ಕೋಣೆಯಲ್ಲೇ ಮಲಗುವವನು. ಉದ್ದನೆಯ ಹುಡುಗ, ಮಾತು ಕಡಿಮೆ. ಅವನು ಬಟ್ಟಲಿನ ಚಹಾ ನೋಡುತ್ತ ಕೂತಿದ್ದ. ಯಾರೋ ಇಬ್ಬರು ಎದ್ದು ಹೋಗಿ ಅವನ ಚೀಲವನ್ನು ತಂದು ನೆಲಕ್ಕೆ ಬೋರಲು ಹಾಕಿದರು. ಕಾಲುಚೀಲ, ಪೆಟ್ಟಿಗೆಯಲ್ಲಿ ಒಣದ್ರಾಕ್ಷಿ, ತಾಯಿಯ ಫೋಟೋ. ಪಾಸ್‌ಪೋರ್ಟ್ ಇರಲಿಲ್ಲ.

ಬೆಕ್ತೂರ್ ಮೇಜಿನ ಮೇಲೆ ಚಮಚ ಕುಕ್ಕಿದ. "ಬಾಯ್ ಮುಚ್ರೋ! ಅವನಲ್ಲ!"

ಕಾಲಿಪಾ ಎಜೆ ಬಾಗಿಲಲ್ಲಿ ನಿಂತಿದ್ದರು. ಹುಡುಗರನ್ನು ಗದರಿಸಿ ಚೀಲ ತುಂಬಿಸಿದರು. ಆಮೇಲೆ ಎಲ್ದಿಯಾರ್‌ನನ್ನು ಅಡುಗೆಮನೆಗೆ ಕರೆದರು. ನಾನು ಕ್ಯಾರೆಟ್ ಹೆಚ್ಚುತ್ತಿದ್ದೆ. ನನ್ನನ್ನು ಹೋಗು ಎನ್ನಲಿಲ್ಲ.

"ನಿನಗೆ ಗೋಲಲ್ಲಿ ನಿಲ್ಲೋ ಆಸೆ ಇಲ್ವಾ?"

"ಇದೆ ಎಜೆ."

"ಎಷ್ಟು?"

"ತುಂಬಾ." ಅವನು ಬಾಗಿಲತ್ತ ನೋಡಿದ. "ಬೆಕ್ತೂರ್‌ನ ಕಾಲು ಉಳುಕಲಿ ಅಂತ ಬೇಡಿಕೊಂಡಿದೀನಿ, ಒಂದ್ಸಲ. ಅದು ತಪ್ಪು. ಕದ್ದಿಲ್ಲ."

"ನಿನ್ನೆ ರಾತ್ರಿ ಬೆಕ್ತೂರ್ ಹೇಗಿದ್ದ?"

"ಅವನ ಹೊಸ ಕೈಗವಸು ನನಗೆ ಕೊಟ್ಟ. ಬೆರಳು ಬಿಗಿ ಆಗ್ತಿದೆ, ನೀನು ಹಾಕ್ಕೋ ಅಂದ."

"ಬಿಗಿ ಆಗ್ತಿತ್ತಾ?"

"ಇಲ್ಲ. ಇಬ್ಬರದ್ದೂ ಒಂದೇ ಅಳತೆ."

ಅವನು ಹೋದ ಮೇಲೆ ನಾನೆಂದೆ: "ಎಲ್ದಿಯಾರ್‌ನ ಮಾವನನ್ನ ಮರೀಬೇಡಿ ಎಜೆ. ಜೋಲ್ದೋಶ್. ನಿನ್ನೆ ಸೇಬಿನ ಪೆಟ್ಟಿಗೆ ಹೊತ್ಕೊಂಡು ಬಂದು ಇಲ್ಲೇ ಕೂತಿದ್ದ, ಆ ಕೀಲಿ ಕೆಳಗೇ. 'ನಮ್ಮ ಹುಡುಗನಿಗೂ ಒಂದು ಅವಕಾಶ ಸಿಗಬಾರ್ದಾ' ಅಂತ ನಾಲ್ಕು ಸಲ ಅಂದ."

ಜೋಲ್ದೋಶ್ ಟ್ಯಾಕ್ಸಿ ಓಡಿಸುವವನು. ಫೋನು ಮಾಡಿದ ಅರ್ಧ ಗಂಟೆಗೆ ಧೂಳೆಬ್ಬಿಸಿಕೊಂಡು ಬಂದ. ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಜಾಗ ಬೇಕು ಅಂದೆ ಎಜೆ, ಹೌದು. ಕದ್ದು ಬೇಕು ಅಂದ್ನಾ? ನನ್ನ ಕಾರು ಹುಡುಕಿ. ನನ್ನನ್ನೂ ಹುಡುಕಿ. ನನ್ನ ಹೆಂಡ್ತಿ ಇಪ್ಪತ್ತು ವರ್ಷದಿಂದ ದಿನಾ ಹುಡುಕ್ತಾಳೆ, ಏನೂ ಸಿಕ್ಕಿಲ್ಲ."

"ನಿನ್ನೆ ಎಷ್ಟು ಹೊತ್ತಿಗೆ ಹೊರಟೆ?"

"ಐದಕ್ಕೆ ರೈಲ್ವೆ ಸ್ಟೇಷನ್ನಲ್ಲಿ ಗಿರಾಕಿ ಇದ್ದ. ನಾಲ್ಕೂವರೆಗೇ ಹೊರಟೆ."

"ಸರಿ. ಚಹಾ ಕುಡ್ಕೊಂಡು ಹೋಗು."

ಅವನು ಹೋದ ಮೇಲೆ ನಾನು ಗೊಣಗಿದೆ: "ಇಷ್ಟು ಬೇಗ ಬಿಟ್ಬಿಟ್ರಾ?"

"ನಾನು ಆರಕ್ಕೆ ಎಣಿಸಿದಾಗ ಇಪ್ಪತ್ಮೂರೂ ಇದ್ವಲ್ಲೇ! ಬಾಯಿ ಜೋರಾದ ತಕ್ಷಣ ಕೈ ಉದ್ದ ಆಗಲ್ಲ." ಚಹಾದ ಬಟ್ಟಲು ಹಿಡಿದು ಕೂತರು. "ಕಳ್ಳ ಒಳಗಿನವನು. ಈಗ ನೀನು ಹೇಳು. ನಿನ್ನೆ ನಾಲ್ಕರ ಚಹಾಕ್ಕೆ ನಾನಿರಲಿಲ್ಲ. ಏನೇನು ಮಾತಾಯ್ತು?"

ಹೇಳಿದೆ. ಚಹಾದ ಹೊತ್ತಿಗೆ ತಂಡದ ಡಾಕ್ಟರು ಬಂದು, ಅಲ್ಲಿ ಹೋದ ಕೂಡಲೆ ಎಲ್ಲರ ಮಣಿಕಟ್ಟನ್ನು ಯಂತ್ರದಲ್ಲಿ ನೋಡುತ್ತಾರೆ, ಮೂಳೆ ವಯಸ್ಸು ಹೇಳುತ್ತದೆ ಎಂದಿದ್ದರು. ಎರಡು ಸಾವಿರದ ಒಂಬತ್ತರ ಜನವರಿ ಒಂದಕ್ಕಿಂತ ಮೊದಲು ಹುಟ್ಟಿದವರು ಆಡುವಂತಿಲ್ಲ. ಮಾರ್ಲಿಸ್ ತಮ್ಮ ಕಾಲದ ಕಥೆ ಹೇಳಿದ್ದರು: ಯಾವುದೋ ದೇಶದ ತಂಡ ಮೂರಕ್ಕೆ ಮೂರೂ ಪಂದ್ಯ ಗೆದ್ದಿತ್ತು, ಒಬ್ಬನ ವಯಸ್ಸು ಸುಳ್ಳೆಂದು ಗೊತ್ತಾಗಿ ಮೂರನ್ನೂ ಸೋಲೆಂದು ಬರೆದರು. ಒಬ್ಬನಿಂದ ಇಪ್ಪತ್ಮೂರು ಮಂದಿ ತಲೆತಗ್ಗಿಸಿ ವಿಮಾನ ಹತ್ತಿದರು.

"ಆಮೇಲೆ?"

"ಆಮೇಲೆ ಹುಡುಗರು ತಮಾಷೆಗೆ ಶುರು ಮಾಡಿದ್ರು. ಹನ್ನೆರಡು ಪ್ರಾಣಿಗಳ ಲೆಕ್ಕದಲ್ಲಿ ಒಂಬತ್ತು ಅಂದ್ರೆ ಹಸುವಿನ ವರ್ಷ ಅಲ್ವಾ? 'ನಾವೆಲ್ಲ ಹಸುಗಳು ಕಣ್ರೋ, ಅಂಬಾ' ಅಂತ ಕೂಗಿದ್ದೇ ಕೂಗಿದ್ದು. ಹತ್ತರಲ್ಲಿ ಹುಟ್ಟಿದ ಇಬ್ಬರು ಚಿಕ್ಕವರು 'ನಾವು ಚಿರತೆ, ನಿಮ್ಮನ್ನ ತಿಂತೀವಿ' ಅಂದ್ರು."

"ಬೆಕ್ತೂರ್ ಏನಂದ?"

ನಾನು ಚಾಕು ಕೆಳಗಿಟ್ಟೆ. "ಅವನು... ಕೂಗಲಿಲ್ಲ. ಫೋನ್ ನೋಡ್ತಾ ಕೂತಿದ್ದ."

"ರಾತ್ರಿಯೂಟಕ್ಕೆ?"

"ರೊಟ್ಟಿ ಕಚ್ಚಿದ್ರು. ಕಟ್ಟಿಕೊಟ್ರು. ನೇತುಹಾಕಿದೆ. ಬೆಕ್ತೂರ್ ತಟ್ಟೆ ಎತ್ತೋಕೆ ಸಹಾಯ ಮಾಡ್ದ. ಬೆಳಿಗ್ಗೆಯೂ ಅವನೇ, ನಾನು ಹೊರಗೆ ತಂದೂರು ಹಚ್ತಿದ್ದಾಗ, ಬಿಸಿನೀರಿಗೆ ಬಂದಿದ್ದ. ಒಳ್ಳೇ ಹುಡುಗ."

ಕಾಲಿಪಾ ಎಜೆ ಬಟ್ಟಲು ಕೆಳಗಿಟ್ಟರು. ಆಮೇಲೆ ಎದ್ದು ಕೊಕ್ಕೆಗಳ ಸಾಲಿನ ಮುಂದೆ ನಿಂತರು. ಬಿಚ್ಚಲಿಲ್ಲ. ಬಟ್ಟೆಯ ಮೇಲಿಂದ ಒಂದೊಂದನ್ನೇ ಅಂಗೈಯಲ್ಲಿ ತೂಗಿದರು, ಅಂಚಿನ ಸುತ್ತ ಬೆರಳು ಹರಿಸಿದರು. ಅವರು ಶುರು ಮಾಡಿದ್ದು ಇಪ್ಪತ್ಮೂರರಿಂದ. ಒಂದಕ್ಕೆ ಬಂದು ನಿಂತರು.

"ಬುರುಲ್, ನಿನ್ನ ರೊಟ್ಟಿಯಲ್ಲಿ ಕಲ್ಲು ಸಿಗೋದುಂಟಾ?"

"ಸಾಧ್ಯವೇ ಇಲ್ಲ!"

"ಹಾಗಾದ್ರೆ ಮೂರು ಜನರನ್ನ ಕರಿ. ಮಾರ್ಲಿಸ್, ಎಲ್ದಿಯಾರ್, ಬೆಕ್ತೂರ್. ಬಾಗಿಲು ಹಾಕು."

ಆಗ ಮಧ್ಯಾಹ್ನ ಮೂರು. ಐವರೂ ನನ್ನ ಅಡುಗೆಮನೆಯಲ್ಲಿ ನಿಂತೆವು. ಕಾಲಿಪಾ ಎಜೆ ಒಂದನೇ ಕೊಕ್ಕೆಯತ್ತ ತೋರಿಸಿದರು.

"ಬೇರೆಯವನ ರೊಟ್ಟಿ ಬಿಚ್ಚೋ ಹಕ್ಕು ನಮಗಿಲ್ಲ. ನೀನೇ ಬಿಚ್ಚು ಮಗಾ."

ಬೆಕ್ತೂರ್ ಅಲುಗಲಿಲ್ಲ. ಚೆಂಡು ಎಡಕ್ಕೆ ಬರುತ್ತದೋ ಬಲಕ್ಕೋ ಎಂದು ನೋಡುವಂತೆ ಎಲ್ಲರ ಮುಖ ನೋಡಿದ. ಆಮೇಲೆ ಗಂಟು ಇಳಿಸಿ, ಮೇಜಿನ ಮೇಲಿಟ್ಟು ಬಿಚ್ಚಿದ.

ರೊಟ್ಟಿ ತಂದೂರಿನಿಂದ ತೆಗೆದಾಗ ಹೇಗಿತ್ತೋ ಹಾಗೇ ಇತ್ತು, ಪೂರ್ತಿ ಗುಂಡಗೆ. ಒಂದು ಹಲ್ಲಿನ ಗುರುತೂ ಇಲ್ಲ. ಅದರ ಕೆಳಗೆ ಪಾಸ್‌ಪೋರ್ಟ್.

ಮಾರ್ಲಿಸ್ ಅದನ್ನು ತೆರೆದು ಫೋಟೋ ನೋಡಿದರು. "ನೀನಾ?"

"ಅವನೇ," ಎಂದರು ಕಾಲಿಪಾ ಎಜೆ. "ಎಲ್ಲರೂ ಕೇಳಿದ್ದು, ಬೆಕ್ತೂರ್ ಹೋಗದಿದ್ರೆ ಯಾರಿಗೆ ಲಾಭ ಅಂತ. ನಾನು ಕೇಳಿಕೊಂಡದ್ದು, ಬೆಕ್ತೂರ್ ಹೋಗಲ್ಲ ಅಂತ ಯಾರಿಗೆ ಮೊದಲೇ ಗೊತ್ತಿತ್ತು ಅಂತ. ಕೈಗವಸು ಕೊಟ್ಟದ್ದು ರಾತ್ರಿ. ಪಾಸ್‌ಪೋರ್ಟ್ ಇಲ್ಲ ಅಂತ ನಮಗೆ ಗೊತ್ತಾಗಿದ್ದು ಬೆಳಿಗ್ಗೆ. 'ಅವನಲ್ಲ' ಅಂತ ಚಮಚ ಕುಕ್ಕಿದ. 'ಅವನಿರಲಾರ' ಅನ್ನಲಿಲ್ಲ. ಗೊತ್ತಿದ್ದವನ ಮಾತು ಅದು. ರಾತ್ರಿ ತಟ್ಟೆ ಎತ್ತುವಾಗ ಕೀಲಿ ತಗೊಂಡ, ಬೆಳಿಗ್ಗೆ ಬಿಸಿನೀರಿಗೆ ಬಂದಾಗ ಕೀಲಿನ ಮೊಳೆಗೂ ಪಾಸ್‌ಪೋರ್ಟನ್ನ ಈ ಗಂಟಿಗೂ ಸೇರಿಸಿದ. ಆದ್ರೂ ನನಗೆ ಖಾತ್ರಿ ಆಗಿದ್ದು ಈ ರೊಟ್ಟಿಯಿಂದ. ಸರ್ಕಾರದ ಬೀಗ ತೆಗೆಯೋಕೆ ಅವನ ಕೈ ನಡುಗಲಿಲ್ಲ. ಆದ್ರೆ ಹೋಗದೇ ಇರೋನು 'ಹೋಗಿ ಬರ್ತೀನಿ' ಅಂತ ರೊಟ್ಟಿಗೆ ಸುಳ್ಳು ಹೇಳೋಕೆ ಅವನ ಹಲ್ಲು ಒಪ್ಪಲಿಲ್ಲ. ಬುರುಲ್, ತಗ್ಗು ಕೈಗೆ ಸಿಗದ ಗಂಟು ಇದೇ ಅಲ್ವಾ?"

ನನ್ನ ಕಿವಿ ಬಿಸಿಯಾಯಿತು. ಅಂಥ ಗಂಟೊಂದಿತ್ತೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಹೇಳುವ ವಿಷಯವೆಂದೂ ಅನ್ನಿಸಿರಲಿಲ್ಲ.

"ಯಾಕೋ?" ಮಾರ್ಲಿಸ್ ಅವನ ಭುಜ ಹಿಡಿದು ಅಲುಗಿಸಿದರು. "ಹೆದರಿಕೆಯಾ?"

"ಹೆದರಿಕೆ ಅಲ್ಲ ಅಗಾಯ್." ಬೆಕ್ತೂರ್ ನೆಲ ನೋಡುತ್ತಿದ್ದ. "ನಾನು ಒಂಬತ್ತರಲ್ಲಿ ಹುಟ್ಟಿಲ್ಲ. ಎಂಟರಲ್ಲಿ."

ಮಾರ್ಲಿಸ್ ಕೈ ತಾನಾಗಿ ಕೆಳಗಿಳಿಯಿತು.

"ಅಜ್ಜಿ ನನ್ನನ್ನ ಇಲಿಮರಿ ಅಂತಾನೇ ಕರೆಯೋದು. ನಾನು ಹುಟ್ಟಿದ್ದು ಇಲಿ ವರ್ಷ ಅಂತೆ. ನಿನ್ನೆ ಎಲ್ಲರೂ ಹಸು, ಹಸು ಅಂತಿದ್ದಾಗ ಫೋನಲ್ಲಿ ನೋಡ್ದೆ. ಇಲಿ ವರ್ಷ ಎರಡು ಸಾವಿರದ ಎಂಟು. ಅಜ್ಜಿ ಸುಳ್ಳು ಹೇಳಲ್ಲ. ನನ್ನ ಪ್ರಮಾಣಪತ್ರ ಬರೆಸಿದ್ದು ಹುಟ್ಟಿ ಎರಡು ತಿಂಗಳಾದ ಮೇಲೆ, ಅಪ್ಪ ಹೋಗಿ. ಅಪ್ಪನಿಗೆ ಫುಟ್‌ಬಾಲ್ ಅಂದ್ರೆ ಪ್ರಾಣ. ಮುಂದೆ ಅನುಕೂಲ ಆಗ್ಲಿ ಅಂತ ಒಂದು ವರ್ಷ..." ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದ. ಮಡಚುತ್ತಲೇ ಹೇಳಿದ: "ಬಾಯ್ಬಿಟ್ಟು ಹೇಳಿದ್ರೆ ಸತ್ತ ಅಪ್ಪ ಸುಳ್ಳುಗಾರ ಆಗ್ತಾನೆ. ಹೇಳದೆ ಬಂದ್ರೆ ಎಲ್ಲರ ಪಂದ್ಯ ಹೋಗುತ್ತೆ. ಪಾಸ್‌ಪೋರ್ಟ್ ಕಳೆದ್ರೆ ಯಾರಿಗೂ ಕೆಟ್ಟ ಹೆಸರಿಲ್ಲ ಅಂದ್ಕೊಂಡೆ."

"ಯಾರಿಗೂ ಇಲ್ವಾ?" ಎಂದ ಎಲ್ದಿಯಾರ್.

ಬೆಕ್ತೂರ್ ಮಡಚಿದ ಬಟ್ಟೆಯನ್ನು ಮತ್ತೆ ಬಿಚ್ಚಿದ.

ಕಾಲಿಪಾ ಎಜೆ ಆಗಲೇ ಫೋನು ತೆಗೆದು ಅವನ ಅಜ್ಜಿಗೆ ಹಚ್ಚಿದ್ದರು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಅಮ್ಮಾ, ನಿಮ್ಮ ಮೊಮ್ಮಗ ಯಾವ ವರ್ಷದವನು?"

"ಯಾರು ಸತ್ರು?" ಎಂದಿತು ಆ ಕಡೆಯ ಮುದಿ ದನಿ.

"ಯಾರೂ ಸತ್ತಿಲ್ಲಮ್ಮಾ! ಬೆಕ್ತೂರ್ ಹುಟ್ಟಿದ್ದು ಯಾವ ವರ್ಷ?"

"ಇಲಿ! ನನ್ನ ಇಲಿಮರಿ! ಊಟ ಮಾಡ್ತಿದಾನಾ ಅವನು?"

"ಮಾಡ್ತಿದಾನೆ. ಆವತ್ತು ಮನೆಯಲ್ಲಿ ಏನ್ ನಡೀತಿತ್ತು, ನೆನಪಿದ್ಯಾ?"

"ನೆನಪಿಲ್ದೆ ಏನು? ಹುಲ್ಲು ಮುಗೀತಾ ಬಂದಿತ್ತು. ಕುರಿ ಇನ್ನೂ ಈಯೋಕೆ ಶುರು ಮಾಡಿರ್ಲಿಲ್ಲ. ನೊರೂಜ್‌ಗೆ, ಹೊಸ ವರ್ಷದ ಹಬ್ಬಕ್ಕೆ, ಇನ್ನೂ ಐದಾರು ವಾರ. ಕಣಿವೆ ದಾರಿ ಹಿಮದಲ್ಲಿ ಮುಚ್ಚಿ, ಅವರಪ್ಪ ಕಾಗದ ಬರೆಸೋಕೆ ಏಪ್ರಿಲ್‌ವರೆಗೂ ಕೆಳಗಿಳಿಯೋಕಾಗ್ಲಿಲ್ಲ. ಇಲಿ ವರ್ಷ ಬಾಲ ಅಲ್ಲಾಡಿಸ್ತಾ ಹೊರಟಿತ್ತು, ಅಷ್ಟರಲ್ಲಿ ಇವನು ಬಂದ."

ಕಾಲಿಪಾ ಎಜೆ ಫೋನಿಟ್ಟು, ಮೇಜಿನ ಮೇಲಿದ್ದ ಹಿಟ್ಟಿನಲ್ಲಿ ಬೆರಳಿಂದ ಒಂದು ಉದ್ದ ಗೆರೆ ಎಳೆದರು.

"ಮೂವತ್ತೊಂದು ವರ್ಷ ಪ್ರತಿ ಚಳಿಗಾಲ ನನ್ನ ಕಿಟಕಿ ಮುಂದೆ ಇದೇ ಜಗಳ. ಸರ್ಕಾರದ ವರ್ಷ ಇಲ್ಲಿ, ಜನವರಿಯಲ್ಲಿ ಬಾಗಿಲು ತೆಗೆಯುತ್ತೆ. ಅಜ್ಜಿಯರ ವರ್ಷ ಇಲ್ಲಿ, ಮಾರ್ಚಲ್ಲಿ, ನೊರೂಜ್ ದಿನ. ಇಸವಿ ಬದಲಾದ್ರೂ ಇಲಿ ಮಾರ್ಚಿನವರೆಗೂ ಮನೆ ಬಿಡಲ್ಲ. ನಿನ್ನ ಫೋನಿಗೆ ಇದು ಗೊತ್ತಿಲ್ಲ. ಅದಕ್ಕೆ ಅಜ್ಜಿ ಇಲ್ಲ. ನೀನು ಹುಟ್ಟಿದ್ದು ಎರಡು ಸಾವಿರದ ಒಂಬತ್ತು, ಫೆಬ್ರವರಿ ಹನ್ನೊಂದು. ಸರ್ಕಾರಕ್ಕೆ ಒಂಬತ್ತು, ಅಜ್ಜಿಗೆ ಇಲಿ. ಇಬ್ಬರೂ ಹೇಳಿದ್ದು ನಿಜ. ನಿಮ್ಮಪ್ಪ ಒಂದು ದಿನವೂ ಕದ್ದಿಲ್ಲ."

ಬೆಕ್ತೂರ್ ಆ ಗೆರೆಯನ್ನೇ ನೋಡುತ್ತಿದ್ದ. ಆಮೇಲೆ ಆ ದೊಡ್ಡ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಮಾರ್ಲಿಸ್ ಕಿಟಕಿಯ ಹೊರಗಿನ ಮರಗಳನ್ನು ಎಣಿಸುವವರಂತೆ ಆ ಕಡೆ ತಿರುಗಿದರು.

ಎಲ್ದಿಯಾರ್ ಬಾಗಿಲವರೆಗೆ ಹೋಗಿ ನಿಂತ. "ನನ್ನ ಚೀಲ ಬೋರಲು ಹಾಕಿದಾಗ ನೀನು ಎದುರಿಗೇ ಕೂತಿದ್ದೆ. ಅಮ್ಮನ ಫೋಟೋ ನೆಲಕ್ಕೆ ಬಿತ್ತು."

"ತಪ್ಪಾಯ್ತು ಕಣೋ. ಅವನಲ್ಲ ಅಂತ ಹೇಳ್ದೆ."

"'ತಗೊಂಡಿದ್ದು ನಾನು' ಅಂತ ನೀನು ಹೇಳಲಿಲ್ಲ."

"ಈಗ ಹೇಳ್ತಾನೆ," ಎಂದರು ಕಾಲಿಪಾ ಎಜೆ. "ಎಲ್ಲರ ಮುಂದೆ, ಊಟಕ್ಕೆ ಮೊದಲು. ಚೀಲ ಬಿಚ್ಚಿದ್ದೂ ಎಲ್ಲರ ಮುಂದೇನೇ ತಾನೆ?"

ಹೇಳಿದ. ಇಲಿಯಿಂದ ಹಿಡಿದು ಅಪ್ಪನವರೆಗೆ, ಒಂದೂ ಬಿಡದೆ. ಚೀಲ ಬೋರಲು ಹಾಕಿದ್ದ ಇಬ್ಬರು ಎದ್ದು ಎಲ್ದಿಯಾರ್‌ನ ಕೈ ಹಿಡಿದರು. ಆಮೇಲೆ ಬೆಕ್ತೂರ್ ತನ್ನ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿದ. ಹಸಿದ ತೋಳ ಕಚ್ಚಿದಂತೆ, ಕಾಲು ಭಾಗವೇ ಹೋಯಿತು. ಈ ಸಲ ತಗ್ಗು ಹುಡುಕಲು ನನಗೆ ಕಷ್ಟವಾಗಲಿಲ್ಲ.

ಮಣಿಕಟ್ಟಿನ ಯಂತ್ರ ಇಪ್ಪತ್ಮೂರು ಜನರನ್ನೂ ಒಪ್ಪಿತು. ಪಂದ್ಯ ನಾಲ್ಕು: ಎರಡು ಗೆಲುವು, ಒಂದು ಸಮ, ಒಂದು ಸೋಲು. ಮುಂದಿನ ಸುತ್ತು ಮತ್ತೆ ಒಂದೇ ಗೋಲಿನಿಂದ ತಪ್ಪಿತು. ಕೊನೆಯ ಪಂದ್ಯದಲ್ಲಿ ಬೆಕ್ತೂರ್ ಒಂದು ಪೆನಾಲ್ಟಿ ತಡೆದ. ಮರುಕ್ಷಣ ತಿರುಗಿ ಬಂದ ಚೆಂಡು ಒಳಗೆ ಹೋಯಿತು. ಮಾರ್ಲಿಸ್ ಹಲಗೆಯ ಮೇಲೆ ಆ ಸಾಲನ್ನು ತಾವೇ ಬರೆದರು. ಅಂದಿನಿಂದ ಅದರ ಎದುರಿಗೇ ಊಟಕ್ಕೆ ಕೂರುತ್ತಾರೆ.

ಹುಡುಗರು ಮರಳಿ ಬಂದಾಗ ರೊಟ್ಟಿ ಕಲ್ಲಾಗಿತ್ತು. ಚಹಾದಲ್ಲಿ ಅದ್ದಿ ಅದ್ದಿ ತಿಂದರು. ಇಪ್ಪತ್ಮೂರು ತೂಗುಹಾಕಿದ್ದೆ, ಇಪ್ಪತ್ಮೂರೂ ಮುಗಿದವು.

ಒಬ್ಬ ಹುಡುಗನಿಗೆ ಅವನ ತಂದೆ ಮರಳಿ ಸಿಕ್ಕಿದ. ಬೆಕ್ತೂರ್ ಮತ್ತು ಎಲ್ದಿಯಾರ್ ಈಗಲೂ ಮಾತಾಡುತ್ತಾರೆ, ಒಬ್ಬರಿಗೊಬ್ಬರು ಚೆಂಡು ಎಸೆದುಕೊಳ್ಳುತ್ತಾರೆ. ಒಂದೇ ಕೋಣೆಯಲ್ಲಿ ಮಲಗುವುದಿಲ್ಲ.